'ಬಂದ್ರ' ಅಂದಿದ್ದೆ

ಸೇಡು ತೀರಿಸಿಕೊಂಡರೆ ಮನಸ್ಸು ಭಾರವಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನನ್ನದು ಹಗುರಾಯಿತು. ಅಂದು ಒಂದು ರೊಟ್ಟಿ ಹೆಚ್ಚೇ ಉಂಡೆ.

ನನ್ನ ದೊಡ್ಡಪ್ಪನ ಮಗ ಸತ್ತೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ನಾನು ಧಾರವಾಡದ ಕೋಚಿಂಗ್ ಸೆಂಟರೊಂದರಲ್ಲಿ ಗಣಿತ ಕಲಿಸುತ್ತೇನೆ. ಇಬ್ಬರಿಗೂ ಕಂಪ್ಯೂಟರ್ ಆಟದ ದೊಡ್ಡ ಪಂದ್ಯಗಳನ್ನು ನೋಡುವ ಹುಚ್ಚು. ಪಂದ್ಯಕ್ಕೆ ಮೂರು ಮ್ಯಾಪು, ಅಂದರೆ ಮೂರು ಬೇರೆ ಬೇರೆ ರಣರಂಗ. ಮೊದಲು ಎರಡನ್ನು ಗೆದ್ದವರಿಗೆ ಪಂದ್ಯ.

ಹುಬ್ಬಳ್ಳಿಯ ಆಟಗಾರರ ಸಂಘವೊಂದು ಫೋನಿನಲ್ಲಿ ಪ್ರಿಡಿಕ್ಷನ್ ಮಾರ್ಕೆಟ್, ಅಂದರೆ ಸೋಲು ಗೆಲುವು ಊಹಿಸುವ ಸಂತೆ, ತೆರೆದಿತ್ತು. ರೊಕ್ಕವಿಲ್ಲ, ಬರೀ ಅಂಕ. ಈ ಮ್ಯಾಪನ್ನು ಈ ತಂಡ ಗೆಲ್ಲುತ್ತದೆಯೇ ಎಂದು ಕೇಳುತ್ತಾರೆ. ನಾವು ಅಂಕ ಕೊಟ್ಟು 'ಹೌದು' ಅಥವಾ 'ಇಲ್ಲ' ಕೊಳ್ಳಬೇಕು. ಊಹೆ ನಿಜವಾದರೆ ಅಂಕ ಬೆಳೆಯುತ್ತದೆ, ತಪ್ಪಿದರೆ ಹಾಕಿದ್ದೆಲ್ಲ ಹೋಗುತ್ತದೆ. ವರ್ಷದ ಕೊನೆಗೆ ಮೊದಲ ಸ್ಥಾನದಲ್ಲಿದ್ದವರು ಸಂಘದ ಟೂರ್ನಿಯಲ್ಲಿ ವೇದಿಕೆಯ ಕುರ್ಚಿಯಲ್ಲಿ ಕೂತು, ಮೈಕ್ ಹಿಡಿದು ಆಟ ಬಣ್ಣಿಸಬಹುದು. ಆ ಕುರ್ಚಿ ನನಗೆ ಬೇಕಾಗಿತ್ತು.

ಇಬ್ಬರದೂ ಒಂದೇ ಖಾತೆ ಇರಲಿ ಎಂದು ಅಣ್ಣ ತನ್ನ ಹೆಸರಿನಲ್ಲಿ ತೆರೆದ. ಹಳೆಯ ಪಂದ್ಯಗಳನ್ನು ನೋಡಿ ಯಾವ ತಂಡ ಯಾವ ಮ್ಯಾಪಿನಲ್ಲಿ ತಡವರಿಸುತ್ತದೆ ಎಂದು ಬರೆದಿಡುತ್ತಿದ್ದವಳು ನಾನು. ಕೆಲಗೇರಿ ಕೆರೆಯ ದಂಡೆಯಲ್ಲಿ ಗೆಳೆಯರ ಮುಂದೆ ಅದನ್ನೇ ತನ್ನ ಮಾತೆಂದು ಹೇಳುತ್ತಿದ್ದವನು ಅವನು. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಅವನದು.

ಒಂದು ಸಂಜೆ ಅಲ್ಲೇ ಕೇಳಿದೆ, ಮೈಕ್ ಹಿಡಿಯುವವರು ಯಾರು ಎಂದು.

"ನೀ ಮನ್ಯಾಗ ಕೂತು ಲೆಕ್ಕಾ ಹಾಕು ತಂಗಿ. ಮಾತಾಡೂದು ನಂಗ ಬಿಡು" ಅಂದ.

ಗೆಳೆಯರು ನಕ್ಕರು. ನಾನೂ ನಕ್ಕೆ. ಅವರ ನಗೆಯನ್ನು ಕ್ಷಮಿಸಿದ್ದೇನೆ, ನನ್ನದನ್ನು ಇವತ್ತಿಗೂ ಕ್ಷಮಿಸಿಲ್ಲ.

ಮರುದಿನವೇ ನನ್ನ ಹೆಸರಿನಲ್ಲಿ ಬೇರೆ ಖಾತೆ ತೆರೆದೆ. ಅವನಿಗೆ ಹೇಳುವುದನ್ನು ನಿಲ್ಲಿಸಲಿಲ್ಲ, ಒಳ್ಳೆಯ ಊಹೆಗಳನ್ನು ಮಾತ್ರ ನನಗೆ ಇಟ್ಟುಕೊಂಡೆ. ಕೊನೆಯ ಪಂದ್ಯದ ಹೊತ್ತಿಗೆ ಅವನು ಮೊದಲು, ನಾನು ಎರಡನೆಯವಳು. ಪಟ್ಟಿಯಲ್ಲಿ ತನ್ನ ಹೆಸರಿನ ಕೆಳಗೆ ಯಾರಿದ್ದಾರೆಂದು ಅವನು ನೋಡಿದವನೇ ಅಲ್ಲ. ಅಷ್ಟರಲ್ಲಾಗಲೇ ಅವನು ಮೈಕಿಗೆಂದು ಹೊಸ ಜುಬ್ಬಾ ಹೊಲಿಸಿದ್ದ.

ಅಂದು ಆಡುತ್ತಿದ್ದ ಕೆಂಪು ಅಂಗಿಯ ತಂಡ ಮೂರನೇ ಮ್ಯಾಪಿನಲ್ಲಿ ಎಂದೂ ಸೋತಿರಲಿಲ್ಲ. ಆದರೆ ಮೊದಲಿನ ಎರಡರಲ್ಲೂ ಎದುರಾಳಿಗಳೇ ಬಲಶಾಲಿಗಳು. ಮೂರನೆಯದಕ್ಕೆ ಏನು ಕೊಳ್ಳಲಿ ಎಂದು ಅಣ್ಣ ಫೋನ್ ಮಾಡಿ ಕೇಳಿದ.

"ಮೂರನೇದಕ್ಕ ಬಂದ್ರ, ಅವರನ್ನ ಹಿಡಿಯೋರ ಇಲ್ಲ ಅಣ್ಣಾ" ಅಂದೆ.

ಒಂದಕ್ಷರವೂ ಸುಳ್ಳಿಲ್ಲ. ನಮ್ಮ ಧಾರವಾಡದವರು ಮುಖದ ಮೇಲೆ 'ಇಲ್ಲ' ಅನ್ನುವುದಿಲ್ಲ. ಮದುವೆಗೆ ಕರೆದರೆ 'ಆದ್ರ ಬರ್ತೇವ್ರಿ' ಅನ್ನುತ್ತಾರೆ. ಕರೆದವರು ಅವರ ಊಟದ ಎಲೆಯನ್ನು ಲೆಕ್ಕದಿಂದ ಬಿಡುತ್ತಾರೆ. ಅಣ್ಣನಿಗೂ ಇದು ಗೊತ್ತು. ಆದರೆ ನನ್ನ ಮಾತಿನ ಸಣ್ಣ ಪದಗಳನ್ನು ಅವನು ಎಂದೂ ಕೇಳಿಸಿಕೊಂಡವನಲ್ಲ. ಮ್ಯಾಪು ಆಡದೇ ಹೋದರೆ 'ಇಲ್ಲ' ಗೆದ್ದಂತೆ ಎಂಬ ನಿಯಮವನ್ನೂ ಓದಿರಲಿಲ್ಲ. ಇದ್ದ ಅಂಕವನ್ನೆಲ್ಲ ಮೂರನೇ ಮ್ಯಾಪಿನ 'ಹೌದು' ಮೇಲೆ ಸುರಿದ. ನಾನು 'ಇಲ್ಲ' ಕೊಂಡೆ.

ಸಂಜೆ ಅವನ ಮನೆಯಲ್ಲೇ ಕೂತು ನೋಡಿದೆವು. ಕೆಂಪು ಅಂಗಿಯವರು ಮೊದಲನೆಯದು ಸೋತರು, ಎರಡನೆಯದೂ ಸೋತರು. ಗೆದ್ದವರು ಅಪ್ಪಿಕೊಂಡು ಕುಣಿದರು. ಮೂರನೇದು ಯಾವಾಗ ಎಂದು ದೊಡ್ಡವ್ವ ಕೇಳಿದಳು. ಎರಡು ಗೆದ್ದಲ್ಲಿಗೆ ಪಂದ್ಯ ಮುಗಿಯಿತು, ಅದು ಬರುವುದೇ ಇಲ್ಲ ಎಂದು ನಾನೇ ತಿಳಿಸಿ ಹೇಳಿದೆ.

ಅಣ್ಣ ಫೋನಿನಲ್ಲಿ ತನ್ನ ಸೊನ್ನೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದ.

"ನೀ ನಂಗ ಸುಳ್ಳ ಹೇಳಿದಿ."

"ನಾ 'ಬಂದ್ರ' ಅಂದಿದ್ದೆ."

ಟೂರ್ನಿಯ ದಿನ ಅವನು ಅದೇ ಜುಬ್ಬಾ ಹಾಕಿಕೊಂಡು ಬಂದು ಗೆಳೆಯರೊಂದಿಗೆ ಎರಡನೇ ಸಾಲಿನಲ್ಲಿ ಕೂತ. ನಾನು ಕುರ್ಚಿ ಎಳೆದುಕೊಂಡು ಮೈಕ್ ಹಿಡಿದೆ.

"ಎಲ್ಲಾರಿಗೂ ನಮಸ್ಕಾರ್ರಿ. ಇವತ್ತ ಮೂರು ಮ್ಯಾಪು ಅದಾವ. ಮೂರನೇದು, ಬಂದ್ರ."

ಅಣ್ಣ ತಲೆ ತಗ್ಗಿಸಿದ. ಈ ಸಲ ನಕ್ಕವಳು ನಾನೊಬ್ಬಳೇ.