ಒಂಬತ್ತು ಮೊಳದ ತೊಲೆ

ನಾನು ಎರಡನೆಯ ಇಯತ್ತೆಯವರೆಗೆ ಶಾಲೆ ಕಲಿತವಳು. ಅಷ್ಟರಲ್ಲಿ ಮನೆಯಲ್ಲಿ ಕುರಿ ಮರಿ ಕಾಯುವುದಕ್ಕೆ ಒಬ್ಬರು ಬೇಕಾದರು, ಬಿಟ್ಟೆ. ಅದಕ್ಕಾಗಿ ಯಾವತ್ತೂ ಅತ್ತವಳಲ್ಲ. ಆದರೆ ಮೊಮ್ಮಗಳು ಕಂಪ್ಯೂಟರಿನಲ್ಲಿ ನಮ್ಮ ಮನೆ ಕಟ್ಟುವುದನ್ನು ಪಕ್ಕದಲ್ಲಿ ಕುಳಿತು ನೋಡಿದಾಗ ಮಾತ್ರ, ಇನ್ನೆರಡು ಇಯತ್ತೆ ಕಲಿತಿದ್ದರೆ ನಾನೂ ಏನಾದರೂ ಮಾಡುತ್ತಿದ್ದೆನೇನೋ ಎಂದು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ನಮ್ಮೂರು ಗಲಗಲಿಯ ಆಚೆ, ಹೊಳೆಯ ದಂಡೆಗೆ ಇತ್ತು. ಅಣೆಕಟ್ಟಿನ ಹಿನ್ನೀರು ಬರುತ್ತದೆ ಎಂದಾಗ ಎಲ್ಲರಂತೆ ನಾವೂ ಮನೆ ಬಿಚ್ಚಿದೆವು. ಗೋಡೆಯ ಮಣ್ಣು ಹೊಳೆಗೆ, ಮರ ನಮಗೆ. ತೊಲೆ, ಜಂತೆ, ಕಂಬ, ತಲೆಬಾಗಿಲ ಚೌಕಟ್ಟು, ಎಲ್ಲವನ್ನೂ ಬಂಡಿಯಲ್ಲಿ ಹೇರಿ ನೀರು ಮುಟ್ಟದ ಮೇಲಿನ ಹೊಲಕ್ಕೆ ಸಾಗಿಸಿದೆವು. ನನ್ನ ಗಂಡ ಹೇರಿಸುತ್ತಿದ್ದ, ನಾನು ಒಂದೊಂದನ್ನೂ ಮೊಳ ಹಾಕಿ ಅಳೆದು ನೆನಪಿಟ್ಟುಕೊಳ್ಳುತ್ತಿದ್ದೆ. ಪಡಸಾಲೆಯ ತೊಲೆ ಒಂಬತ್ತು ಮೊಳ. ತಲೆಬಾಗಿಲು ನಾಲ್ಕು ಮೊಳ ಎತ್ತರ. ಇಂಥದ್ದನ್ನು ಬರೆದಿಡುವ ಅಭ್ಯಾಸ ನನಗಿಲ್ಲ, ಮರೆಯುವ ಅಭ್ಯಾಸವೂ ಇಲ್ಲ.

ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಿತು. ಅಲ್ಲಿ ತಗಡಿನ ಮನೆ ಹಾಕಿಕೊಂಡು ಬಹಳ ವರ್ಷ ಇದ್ದೆವು. ಹೊಲದಲ್ಲಿ ಇಳಿಸಿಟ್ಟ ಆ ತೊಲೆ ಜಂತೆಗಳ ಮೇಲೆ ಪ್ರತಿವರ್ಷ ಜೋಳದ ಕಣಿಕೆಯ ಬಣವೆ ಒಟ್ಟುತ್ತಿದ್ದೆವು. ಕೆಳಗೆ ಮರ ಇದ್ದರೆ ಮೇವಿಗೆ ನೆಲದ ತೇವ ಏರುವುದಿಲ್ಲ. ಹೀಗಾಗಿ ತೊಲೆಗಳು ಬಣವೆಯ ಅಡಿಯಲ್ಲೇ ಮಲಗಿದವು. ಗಂಡ ತೀರಿಕೊಂಡ. ಮಗ ಕೊನೆಗೂ ಮನೆ ಕಟ್ಟುತ್ತೇನೆಂದು ಹೊರಟ.

ಆಗ ಮಗನ ಮಗಳು ದಿನಾ ಬಸ್ಸು ಹತ್ತಿ ಮುಧೋಳಕ್ಕೆ ಹೋಗಿ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಮನೆಯ ನಕ್ಷೆ ತೆಗೆಯುವ ಕೆಲಸ ಕಲಿಯುತ್ತಿದ್ದಳು. ಆಫೀಸಿನವರು ಹಳೆಯದೊಂದು ಕಂಪ್ಯೂಟರನ್ನು ಅವಳಿಗೆ ಮನೆಯಲ್ಲಿ ಇಟ್ಟುಕೊಳ್ಳಲು ಕೊಟ್ಟಿದ್ದರು. ನಮ್ಮ ಮನೆಯ ನಕ್ಷೆ ನಾನೇ ತೆಗೆಯುತ್ತೇನೆ ಅಂದಳು. ನನ್ನ ಮಗನಿಗೆ ಅದು ಸೇರಲಿಲ್ಲ. ಗೌಂಡಿ ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು ಕಟ್ಟಿದ ಮನೆಗಳೇ ನಮ್ಮ ಕಡೆಗೆ ನಿಂತಿರುವುದು.

"ತಗಿ, ಬ್ಯಾಡ ಅನ್ನೂದಿಲ್ಲ," ಅಂದ ಮಗಳಿಗೆ. "ಆದ್ರ ಹಾಳ್ಯಾಗ ಒಂದ ತಪ್ಪ ಸಿಕ್ಕಿತಂದ್ರ ಆ ಕಂಪ್ಯೂಟರ ಡಬ್ಬಿ ಕಟ್ಟಿ ಇಡ್ತೇನಿ. ಗೌಂಡಿ ಹೇಳಿದಂಗ ಕಟ್ಟೂದು. ನಿನ್ನ ಮುಧೋಳದ ಬಸ್ಸೂ ಬಂದ್."

"ಆತ್ರೀ ಅಪ್ಪಾ," ಅಂದಳು. ನನ್ನಂತೆಯೇ ಮೊಂಡು.

ಅವಳು ಕೆಲಸ ಶುರು ಮಾಡಿದ ಮೇಲೆ ನಾನು ಎಲೆ ಅಡಿಕೆ ಚೀಲ ತೆಗೆದುಕೊಂಡು ಪಕ್ಕಕ್ಕೆ ಕುಳಿತೆ. ಮೊದಲು ಬರೀ ಗೆರೆ. ನೆಲದ ಮೇಲೆ ಇರುವೆ ಸಾಲಿಟ್ಟಂತೆ. ಇದಕ್ಕೆ ಕಂಪ್ಯೂಟರು ಯಾಕೆ ಬೇಕು ಅಂದುಕೊಂಡೆ. ಅವಳು ಒಂದು ಗುಂಡಿ ಒತ್ತಿದಳು, ಗೋಡೆಗಳು ಎದ್ದು ನಿಂತವು. ಬೆರಳು ಆಡಿಸಿದಳು, ಮನೆ ತಿರುಗಿ ಹಿತ್ತಲು ತೋರಿಸಿತು. ಮಾಳಿಗೆ ತೆಗೆದಿಟ್ಟು ಮೇಲಿನಿಂದ ಒಳಗೆ ಇಣುಕಿದಳು. ನನ್ನ ಬಾಯಲ್ಲಿ ಎಲೆ ಇದ್ದದ್ದು ಮರೆತೇ ಹೋಯಿತು.

ಬಾಗಿಲು, ಕಿಡಕಿ, ಕುರ್ಚಿ, ಗಿಡ, ಎಲ್ಲ ಅದರೊಳಗೆ ತಯಾರು ಇರುತ್ತವೆ, ಆರಿಸಿ ಇಟ್ಟರಾಯಿತು. ಆದರೆ ಅದರಲ್ಲಿ ದನಕ್ಕೆ ಜಾಗವಿಲ್ಲ.

"ಎಮ್ಮಿ ಎಲ್ಲಿ ಕಟ್ಟೂದ ಬೇ?" ಅಂದೆ.

"ಇದರಾಗ ಎಮ್ಮಿ ಇಲ್ಲ ಆಯೀ, ಕಾರ ಐತಿ."

"ಕಾರ ಹಾಲ ಹಿಂಡತೈತೇನ?"

ಅವಳು ನಕ್ಕು ಕಾರನ್ನೇ ಒಳಗೆ ತಂದು ನಿಲ್ಲಿಸಿದಳು. ಒಂದು ಕಾರು ನಿಲ್ಲುವಲ್ಲಿ ಎರಡು ಎಮ್ಮೆ ನಿಲ್ಲುತ್ತವೆ ಎಂದು ಲೆಕ್ಕ ಹಾಕಿ, ಕಾರು ತೆಗೆದು, ಚೌಕದ ಮೇಲೆ ಚೌಕ ಜೋಡಿಸಿ ತಾನೇ ಒಂದು ಗ್ವಾದಲಿ ಮಾಡಿದಳು. ಮೇವು ಹಾಕುವ ಗ್ವಾದಲಿ. ಅದರ ಅಂಚು ಎಮ್ಮೆಯ ಕೊರಳಿಗೆ ಒತ್ತಬಾರದು ಎಂದು ನಾನು ಹೇಳಿದ ಮೇಲೆ ನಾಲ್ಕು ಬೆರಳು ತಗ್ಗಿಸಿದಳು. ಹೇಳಿದ್ದನ್ನು ಕೇಳುವ ಯಂತ್ರ ನಾನು ಮೊದಲು ನೋಡಿದ್ದು ಅದೇ. ಗಿರಣಿಯೂ ಕೇಳುವುದಿಲ್ಲ, ಪಂಪೂ ಕೇಳುವುದಿಲ್ಲ.

ಸೂರ್ಯನನ್ನೂ ಅದರೊಳಗೆ ಇಟ್ಟಿದ್ದಾರೆ. ನಮ್ಮ ಸೀಮೆ ಇಲ್ಲಿದೆ, ತಿಂಗಳು ಇದು, ಹೊತ್ತು ಇಷ್ಟು ಎಂದು ಹೇಳಿದರೆ ನೆರಳು ತಾನೇ ಸರಿಯುತ್ತದೆ. ನಾನು ಪರೀಕ್ಷೆ ಮಾಡಿದೆ. "ಯುಗಾದಿ ಮುಂದ, ಮಧ್ಯಾಹ್ನ ಮೂರರ ಬಿಸಲ ತೋರ್ಸ" ಅಂದೆ. ಪಡಸಾಲೆಯ ಒಳಗೋಡೆಯ ಬುಡದವರೆಗೆ ಬಿಸಿಲು ಬಂದು ನಿಂತಿತು. ಆ ಹೊತ್ತಿನ ಬಿಸಿಲು ನನಗೆ ಗೊತ್ತು, ಅದರಲ್ಲಿ ಕುಳಿತು ಎಷ್ಟೋ ವರ್ಷ ಜೋಳ ಹಸನ ಮಾಡಿದ್ದೇನೆ. "ಇಲ್ಲಿ ಕುಂಡ್ರಾಕ ಬರೂದಿಲ್ಲ, ಸುಡತೈತಿ" ಅಂದೆ. ಅವಳು ಮುಂದಿನ ಚಪ್ಪರವನ್ನು ಒಂದು ಮೊಳ ಎಳೆದಳು. ಬಿಸಿಲು ಹಿಂದೆ ಹೋಯಿತು. ಇದನ್ನು ನನ್ನ ಗಂಡ ನೋಡಿದ್ದರೆ ಮೊದಲು ಬೈದು ಆಮೇಲೆ ನನಗಿಂತ ಮುಂದೆ ಬಂದು ಕುಳಿತಿರುತ್ತಿದ್ದ.

ಶುರುವಿನಲ್ಲೇ ಅವಳು ಅಳತೆ ಕೇಳಿದಾಗ ನಾನು ಹೇಳಿದ್ದೆ, ತೊಲೆ ಒಂಬತ್ತು ಮೊಳ, ಬಾಗಿಲು ನಾಲ್ಕು ಮೊಳ. "ಬಣಿವಿ ತಗದ ಒಮ್ಮೆ ಟೇಪ ಹಿಡೀಲಿ ಆಯೀ?" ಅಂದಿದ್ದಳು. "ನಾ ಅಳದೇನಿ ಅಂದಮ್ಯಾಲ ಮುಗೀತು" ಅಂದಿದ್ದೆ. ಅವಳು ಮೊಳಕ್ಕೆ ಹದಿನೆಂಟು ಇಂಚಿನಂತೆ ಹಾಕಿಕೊಂಡಳು. ತೊಲೆ ಕೂರುವ ಗೋಡೆಯೂ ಸೇರಿ ಪಡಸಾಲೆ ಹದಿಮೂರೂವರೆ ಅಡಿ ಅಗಲ ಆಯಿತು, ಬಾಗಿಲು ಆರು ಅಡಿ ಎತ್ತರ. ಮಗ ಹಾಳೆ ನೋಡಿದ. ಗೌಂಡಿ ಅದರಂತೆ ಗೂಟ ಬಡಿದು, ಹಗ್ಗ ಕಟ್ಟಿ, ಸುಣ್ಣದ ಗೆರೆ ಹಾಕಿದ. ಒಂದು ದಿನ ಬಿಟ್ಟು ಪಾಯ ತೆಗೆಯುವುದೆಂದಾಯಿತು.

ಆ ನಡುವಿನ ದಿನ ಬೆಳಗ್ಗೆ ಮೊಮ್ಮಗಳು ಖರೆ ಮನೆಯಂಥ ಚಿತ್ರ ತೆಗೆಯುತ್ತೇನೆ ಅಂದಳು. ಅದಕ್ಕೆ ಅವರು ರೆಂಡರ್ ಅನ್ನುತ್ತಾರೆ. ಅದು ಒಮ್ಮೆಲೇ ಬರುವುದಿಲ್ಲ, ಬೇಯಬೇಕು. ಮೊದಲು ರವೆ ಚೆಲ್ಲಿದಂತೆ ಕಾಣುತ್ತದೆ, ಆಮೇಲೆ ಒಂದು ಮೂಲೆಯಿಂದ ನುಣ್ಣಗಾಗುತ್ತ ಬರುತ್ತದೆ. ಅರ್ಧ ಬೆಂದಾಗ ಕರೆಂಟು ಹೋಯಿತು, ಎಲ್ಲ ಕೆಟ್ಟಿತು, ಮತ್ತೆ ಮೊದಲಿನಿಂದ. ಎರಡನೆಯ ಸಲ ಪೂರ್ತಿ ಆಯಿತು. ಗೋಡೆಯ ಕಲ್ಲಿನ ಉರುಟು ಕಾಣುತ್ತಿತ್ತು. ತೊಲೆಯ ಕೆಳಗೆ ನೆರಳು ಇತ್ತು. ಕಂಬಕ್ಕೆ ಎಣ್ಣೆ ಹಚ್ಚಿದ ಹೊಳಪು. ತಲೆಬಾಗಿಲಲ್ಲಿ ಅಳತೆ ತಿಳಿಯಲಿ ಎಂದು ಪ್ಯಾಂಟು ತೊಟ್ಟ ಒಬ್ಬ ಗಂಡಸಿನ ಗೊಂಬೆ ನಿಲ್ಲಿಸಿದ್ದಳು.

ನಾನು ಬಹಳ ಹೊತ್ತು ನೋಡಿದೆ. ಎಲ್ಲ ಛಲೋ ಇತ್ತು. ಏನೋ ಸರಿ ಇರಲಿಲ್ಲ.

"ಇದು ನಮ್ಮ ಬಾಗಲಾ ಅಲ್ಲ," ಅಂದೆ.

"ಯಾಕ ಆಯೀ?"

"ಈ ಗಂಡಸ ನೆಟ್ಟಗ ನಿಂತಾನಲ್ಲ. ನಮ್ಮ ಬಾಗಲದಾಗ ಯಾವ ಗಂಡಸೂ ನೆಟ್ಟಗ ನಿಂತಿಲ್ಲ. ನಿಮ್ಮಪ್ಪನ ಹಣೀ ನೋಡ, ಮದಿವಿ ದಿನಾನ ಬಡಿಸ್ಕೊಂಡ ಗುರುತ ಐತಿ."

ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು. "ಆವಾಗ ಮೊಳಾ ಯಾರ ಹಾಕಿದ್ರ?"

"ಮತ್ತ್ಯಾರ? ನಾನ."

ಟೇಪು ತಂದು ನನ್ನ ಮೊಳಕೈಯಿಂದ ನಡುಬೆರಳ ತುದಿಯವರೆಗೆ ಹಿಡಿದಳು. ಹದಿನೈದೂವರೆ ಇಂಚು. ನಾನು ಗಿಡ್ಡ ಹೆಂಗಸು, ನನ್ನ ಕೈಯೂ ಗಿಡ್ಡ. ಇದು ನನಗೆ ಎಪ್ಪತ್ತು ವರ್ಷಕ್ಕೆ ತಿಳಿಯಿತು. ಅವಳು ಟೇಪನ್ನು ಇನ್ನೊಮ್ಮೆ ಹಿಡಿದು ನೋಡಿದಳು. ಗೂಟ ಬಡಿದಾಗಿದೆ. ಪಾಯ ತೆಗೆದು ಗೋಡೆ ಎಬ್ಬಿಸಿ ತೊಲೆ ಏರಿಸುವಾಗ ಅದು ಒಂದು ಗೋಡೆ ಮುಟ್ಟಿದರೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಈಗ ಹೇಳಿದರೆ ಅಪ್ಪ ಡಬ್ಬಿ ಕಟ್ಟುತ್ತಾನೆ.

"ನಡಿ ಹೊಲಕ್ಕ," ಅಂದೆ.

ಇಬ್ಬರೇ ಹೋದೆವು. ಬಣವೆಯ ಎರಡು ಮೂಲೆಗಳಲ್ಲಿ ಕಟ್ಟಿಟ್ಟ ಕಣಿಕೆ ಸೂಡು ಎಳೆದು, ಕೈ ಹಾಕಿ, ತೊಲೆಯ ತುದಿ ಹುಡುಕಿದೆವು. ಕೈ ಗೀರಿತು, ಹುಳ ಹತ್ತಿತು. ಒಂದು ತುದಿ ನಾನು ಹಿಡಿದೆ, ಹೊರಗಿನಿಂದ ಟೇಪು ಎಳೆದುಕೊಂಡು ಅವಳು ಇನ್ನೊಂದು ತುದಿಗೆ ಹೋದಳು. ಹನ್ನೊಂದು ಅಡಿ ಎಂಟು ಇಂಚು. ಮರ ಮಾತ್ರ ಕಬ್ಬಿಣದಂತೆ ಇತ್ತು.

ತಿರುಗಿ ಬಂದಾಗ ಮಗನೂ ಗೌಂಡಿಯೂ ಜಾಗದ ಮೇಲೆ ನಿಂತು ಮಾತಾಡುತ್ತಿದ್ದರು. ಮೊಮ್ಮಗಳು ವಿಷಯ ಹೇಳಿದಳು, ಒಂದೂ ಮುಚ್ಚಿಡಲಿಲ್ಲ. ಅದು ನನಗೆ ಮೆಚ್ಚಿಗೆಯಾಯಿತು.

"ಆತಿಲ್ಲೊ?" ಅಂದ ನನ್ನ ಮಗ. "ಎರಡ ಅಡಿ ತಪ್ಪ! ನಾ ಏನ ಹೇಳಿದ್ದೆ?"

ಗೌಂಡಿ ಮೀಸೆಯಲ್ಲೇ ನಕ್ಕ. "ಕಂಪ್ಯೂಟರಿಗೆ ಕಲ್ಲ ಹೊತ್ತ ಗೊತ್ತಿಲ್ಲಲ್ಲರೀ ಅಣ್ಣಾರ."

ನಾನು ಮಗನ ಮುಂದೆ ಹೋಗಿ ಕೈ ಚಾಚಿದೆ. "ತಪ್ಪ ಹಾಳ್ಯಾಗಿಲ್ಲ, ಇಲ್ಲಿ ಐತಿ. ಈ ಕೈಯಾಗ. ಅಕಿ ಟೇಪ ಹಿಡೀತೇನಂದ್ಲು, ನಾನ ಬ್ಯಾಡಂದೆ. ಬೈಯೂದಿದ್ರ ನನಗ ಬೈ."

"ಯವ್ವಾ, ನಿನಗೆಂಗ ಬೈಲಿ?"

"ಹಂಗಾದ್ರ ಸುಮ್ನಿರು." ಗೌಂಡಿಯ ಕಡೆ ತಿರುಗಿದೆ. "ನೀ ಹೇಳ ತಮ್ಮಾ. ಈ ಗೂಟ ನೀನ ಬಡದಿ. ತೊಲಿ ಮುಟ್ಟೂದಿಲ್ಲಂತ ನಿನಗ ಯಾವಾಗ ತಿಳೀತಿತ್ತು?"

ಗೌಂಡಿ ನೆಲ ನೋಡಿದ. ನಲವತ್ತು ವರ್ಷ ಗೋಡೆ ಕಟ್ಟಿದ ಮನುಷ್ಯ, ಸುಳ್ಳು ಹೇಳಲಿಲ್ಲ. "ತೊಲಿ ಏರಸೂ ದಿನ, ಅಕ್ಕಾರ."

"ಆ ಡಬ್ಬಿ ಪಾಯ ತಗಿಯೂಕಿಂತ ಮೊದಲ ತೋರಿಸೇತಿ."

ಎಲ್ಲರೂ ಕಂಪ್ಯೂಟರಿನ ಮುಂದೆ ಬಂದೆವು. ಮೊಮ್ಮಗಳು ಪಡಸಾಲೆಯ ಗೋಡೆ ಹಿಡಿದು ಒಳಕ್ಕೆ ಎಳೆದಳು. ನಾನು ಕಂಡ ಮನೆಗಳಲ್ಲಿ ಗೋಡೆ ಸರಿಸುವುದೆಂದರೆ ಒಂದು ಹಂಗಾಮು ಹೋಗುತ್ತಿತ್ತು, ಅರ್ಧ ಮನೆ ಬಯಲಿಗೆ ಬೀಳುತ್ತಿತ್ತು, ಗಂಡ ಹೆಂಡಿರ ನಡುವೆ ಮಾತು ಬಿಟ್ಟುಹೋಗುತ್ತಿತ್ತು. ಇಲ್ಲಿ ಗೋಡೆ ಸರಿಯಿತು, ಕಂಬಗಳು ಅದರ ಹಿಂದೆ ಹೋದವು, ಮಾಳಿಗೆ ತಾನೇ ಸಣ್ಣದಾಯಿತು. ಉಳಿದ ಜಾಗ ಅಡಿಗೆಮನೆಗೆ ಸೇರಿತು. ನೆರಳು ಕೂಡ ಹೊಸ ಜಾಗಕ್ಕೆ ಹೋಗಿ ಕುಳಿತಿತು.

ಗೌಂಡಿ ಕುಕ್ಕರುಗಾಲಿನಲ್ಲಿ ಕುಳಿತಿದ್ದವನು ಪರದೆಗೆ ಮೂಗು ತಾಗುವಷ್ಟು ಮುಂದೆ ಬಂದ. "ಇದನ್ನ ತಿರುಗ್ಸವ್ವಾ. ಹಿತ್ತಲ ಕಡೆಯಿಂದ ತೋರ್ಸು." ತೋರಿಸಿದಳು. "ತೊಲಿ ಗ್ವಾಡಿ ಮ್ಯಾಲ ಎಷ್ಟ ಕುಂಡ್ರತೈತಿ?" ಗೋಡೆಯನ್ನು ಸೀಳಿದಂತೆ ಮಾಡಿ ಒಳಗಿನದನ್ನು ತೋರಿಸಿದಳು. ಅವನು ಅಲ್ಲಿ ಬೆರಳಿಟ್ಟು, "ಒಂಬತ್ತ ಇಂಚ ಮಾಡ ಬೇ, ಆರ ಸಾಲೂದಿಲ್ಲ," ಅಂದ. ಅವಳು ಮರುಮಾತಾಡದೆ ತಿದ್ದಿದಳು. ಅವಳಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು, ಅವನಿಗೆ ಕಾಣದ್ದು ಅವಳಿಗೆ ಕಾಣುತ್ತಿತ್ತು.

ನನ್ನ ಮಗ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ. ಡಬ್ಬಿಯ ಮಾತು ತೆಗೆಯಲಿಲ್ಲ. ಕೊನೆಗೆ, "ಆ ಹೊಸಾ ಹಾಳಿ ಎರಡ ತಗಿ," ಅಂದ. "ಗೌಂಡಿಗೊಂದ, ನನಗೊಂದ."

ಮರುದಿನ ಹೊತ್ತು ಏರುವ ಮೊದಲೇ ಗೌಂಡಿ ಹಳೆಯ ಸುಣ್ಣದ ಗೆರೆಯನ್ನು ಚಪ್ಪಲಿಯಿಂದ ಉಜ್ಜಿ ಅಳಿಸಿದ, ಎರಡು ಗೂಟ ಕಿತ್ತ. ಹಗ್ಗ ಹಿಡಿದು ನಿಂತು ಮೊಮ್ಮಗಳನ್ನು ಕರೆದ, "ಬಾ, ನೀನ ಬಡಿ." ನನ್ನ ಮಗ ಸುತ್ತಿಗೆ ಕೊಟ್ಟ. ಮೊದಲ ಪೆಟ್ಟು ಹೆಬ್ಬೆರಳಿಗೆ ಬಿತ್ತು, ಎರಡನೆಯದು ಗೂಟಕ್ಕೆ. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡೇ ಬಗ್ಗಿ ಟೇಪು ನೋಡಿದಳು.

"ಅರ್ಧಾ ಇಂಚ ಈ ಕಡೆ ಬಂದೈತ್ರಿ ಕಾಕಾ," ಅಂದಳು. "ಕೀಳ್ರಿ."

ಗೌಂಡಿ ಕಿತ್ತ.