ಬಾಯಿಪಾಠದ ಕಣ್ಣು

ನಮ್ಮೂರಿನಲ್ಲಿ ಸ್ಟಿಯರಿಂಗ್ ಹಿಡಿದವರೆಲ್ಲ ಒಮ್ಮೆಯಾದರೂ ಕಾಲಿಪಾ ಅಕ್ಕನ ಮುಂದೆ ಒಂದು ಕಣ್ಣು ಮುಚ್ಚಿಕೊಂಡು ನಿಂತವರೇ. ನಾನೂ ನಿಂತಿದ್ದೇನೆ. ಘಾಟಿಯ ಬುಡದಲ್ಲಿರುವ ನಮ್ಮ ಆಸ್ಪತ್ರೆಯ ಕಣ್ಣಿನ ಕೋಣೆಯಲ್ಲಿ ಆಕೆ ಮೂವತ್ತೊಂದು ವರ್ಷ ನರ್ಸ್ ಆಗಿದ್ದಳು. ಗೋಡೆಯ ಮೇಲೆ ದೀಪದ ಪೆಟ್ಟಿಗೆಯಲ್ಲಿ ಹನ್ನೆರಡು ಸಾಲಿನ ರಷ್ಯನ್ ಅಕ್ಷರಫಲಕ, ಅದರಿಂದ ಐದು ಮೀಟರ್ ಈಚೆಗೆ ನೆಲದ ಮೇಲೊಂದು ಕೆಂಪು ಗೆರೆ. ಗೆರೆ ದಾಟಿ ಬೆರಳಗಲ ಮುಂದೆ ಬಂದರೂ ಕೋಲಿನಿಂದ ಮೊಣಕಾಲಿಗೆ ತಟ್ಟುವಳು.

"ಹಿಂದಕ್ಕೆ ಹೋಗಪ್ಪ. ಹೆಣ್ಣು ನೋಡೋಕೆ ಬಂದಿದೀಯೇನು, ಅಷ್ಟು ಹತ್ತಿರ ಬರೋಕೆ?"

ಆ ಫಲಕ ಸೋವಿಯತ್ ಕಾಲದ್ದು. ದೇಶ ಹೋಯಿತು, ಬಾವುಟ ಹೋಯಿತು, ಫಲಕ ಮಾತ್ರ ಎಲ್ಲಿಯೂ ಬದಲಾಗಲಿಲ್ಲ. "ಶಾ, ಬೇ. ಎಮ್, ಎನ್, ಕಾ." ಮೊದಲ ನಾಲ್ಕೈದು ಸಾಲು ನಮ್ಮಲ್ಲಿ ಕುಡುಕರಿಗೂ ಬಾಯಿಗೆ ಬರುತ್ತವೆ. ಲೈಸೆನ್ಸ್ ಬೇಕಾದವರು ಉಳಿದದ್ದನ್ನೂ ಉರುಹೊಡೆದು ಬರುತ್ತಿದ್ದರು. ಕಾಲಿಪಾ ಅಕ್ಕನ ಹತ್ತಿರ ಅದು ನಡೆಯುತ್ತಿರಲಿಲ್ಲ. ನೋಡಿ ಓದುವವನು ಕಣ್ಣು ಕಿರಿದು ಮಾಡುತ್ತಾನೆ, ತಡವರಿಸುತ್ತಾನೆ. ಪಾಠ ಒಪ್ಪಿಸುವವನು ಸರಾಗವಾಗಿ ಹೇಳಿಬಿಡುತ್ತಾನೆ. ಅಂಥವರನ್ನು ಆಕೆ ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದಳು, ಒಬ್ಬನನ್ನು ಬಿಟ್ಟು.

ಆ ಒಬ್ಬ ಆಕೆಯ ಪಕ್ಕದ ಮನೆಯ ಶಾರ್ಶೆನ್. ನನ್ನ ಹಾಗೇ ಘಾಟಿ ದಾಟಿ ರಾಜಧಾನಿ ಬಿಶ್ಕೆಕ್‌ಗೆ ಜನರನ್ನು ಕರೆದೊಯ್ಯುತ್ತಿದ್ದ ವ್ಯಾನಿನವನು. ಎಡಗಣ್ಣಿಗೆ ಪೊರೆ ಬಂದು ಪಾಪೆ ಹಾಲಿನ ಬಣ್ಣಕ್ಕೆ ತಿರುಗಿತ್ತು. ಕೆಂಪು ಗೆರೆಯ ಮೇಲೆ ನಿಂತು, ಬಲಗಣ್ಣು ಮುಚ್ಚಿ, ಹತ್ತು ಸಾಲು ಒಂದೇ ಉಸಿರಿಗೆ ಹೇಳಿದ. ಕಾಲಿಪಾ ಇನ್ನೂ ಯಾವ ಸಾಲಿಗೂ ಕೋಲು ತೋರಿಸಿರಲಿಲ್ಲ.

"ಅಕ್ಕ, ಚಳಿಗಾಲ ಒಂದು ಮುಗೀಲಿ, ಆಪರೇಷನ್ ಮಾಡಿಸ್ಕೋತೀನಿ. ಯಾರಿಗೂ ಹೇಳಬೇಡ," ಎಂದ. ಆಕೆ ಮುದ್ರೆ ಒತ್ತಿದಳು.

ಫೆಬ್ರವರಿಯಲ್ಲಿ, ಮೂರನೇ ತಿರುವಿನಲ್ಲಿ, ಎಡಗಡೆಯಿಂದ ಇಳಿದು ಬಂದ ಕಲ್ಲಿದ್ದಲ ಲಾರಿಗೆ ವ್ಯಾನು ಹೋಗಿ ಬಡಿಯಿತು. ಸತ್ತವರು ಶಾರ್ಶೆನ್ ಮತ್ತು ಏಳು ಜನ. ಬ್ರೇಕ್ ಹೋಗಿತ್ತು ಎಂದು ಊರು ತೀರ್ಮಾನಿಸಿತು. ಕಾಲಿಪಾ ಬಾಯಿ ಬಿಡಲಿಲ್ಲ.

ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ಅಂದಿನಿಂದ ಪ್ರತಿ ಗುರುವಾರ ಶಾರ್ಶೆನ್‌ನ ಹೆಂಡತಿ ಬಾತ್ಮಾ ಹಿಟ್ಟು ನಾದಿ, ಸಣ್ಣ ಸಣ್ಣ ತುಂಡು ಮಾಡಿ ಬೋರ್ಸೋಕ್ ಕರಿಯುತ್ತಾಳೆ. ಕಾದ ಎಣ್ಣೆಯ ಘಮ ಸತ್ತವರಿಗೆ ಮುಟ್ಟುತ್ತದೆ, ಮನೆಯವರು ಮರೆತಿಲ್ಲ ಎಂದು ಅವರಿಗೆ ತಿಳಿಯುತ್ತದೆ. ನಮ್ಮ ತಾಯಂದಿರೂ ಹೀಗೇ ಮಾಡುತ್ತಿದ್ದರು. ಕರಿದದ್ದರಲ್ಲಿ ಏಳನ್ನು ಬಟ್ಟಲಿಗೆ ಹಾಕಿ ಬಾತ್ಮಾ ಮೊದಲು ಒಯ್ಯುವುದು ಕಾಲಿಪಾ ಮನೆಗೆ. ಕಾಲಿಪಾ ಅಂಗೈ ಎತ್ತಿ ಪ್ರಾರ್ಥಿಸಿ ಆಕೆಯ ಎದುರಿಗೇ ತಿನ್ನಬೇಕು. ಹತ್ತೊಂಬತ್ತು ವರ್ಷ ತಿಂದಳು. ಆ ತುತ್ತು ಹೇಗೆ ಇಳಿಯುತ್ತಿತ್ತೋ.

ಹೋದ ವರ್ಷ ಕಾಲಿಪಾಳ ಕಣ್ಣಿಗೇ ಪೊರೆ ಬಂತು. ಬಲಗಣ್ಣು ಹಳೆಯ ಕಾಯಿಲೆಯಿಂದ ಎಂದೋ ಹೋಗಿತ್ತು, ಇದ್ದದ್ದು ಎಡಗಣ್ಣೊಂದೇ. ಬಿಶ್ಕೆಕ್‌ನಲ್ಲಿ ಆಪರೇಷನ್ ಆಯಿತು. ಆರು ಗಂಟೆಯ ದಾರಿ ಮತ್ತೆ ಬರಬೇಕಿಲ್ಲ, ಹತ್ತನೇ ದಿನ ಮನೆಯಲ್ಲೇ ಫೋನಿನಲ್ಲಿ ದೃಷ್ಟಿ ಪರೀಕ್ಷೆ ಮಾಡಿಕೊಂಡು ಕಳಿಸಿ ಎಂದು ಅಲ್ಲಿಯ ವೈದ್ಯೆ ಹೇಳಿದ್ದಳು. ಓದಲಾಗದಿದ್ದರೆ, ಅಥವಾ ಕಣ್ಣಂಚಿನಲ್ಲಿ ನೆರಳು ಕಂಡರೆ, ಅದೇ ದಿನ ಹೊರಟು ಬರಬೇಕು. ತಡವಾದರೆ ಕಣ್ಣು ಉಳಿಯುವುದಿಲ್ಲ.

ನೆರಳು ನಾಲ್ಕನೇ ದಿನವೇ ಬಂದಿತ್ತು. ಕಣ್ಣಿನ ಮೂಲೆಯಲ್ಲಿ ಕಪ್ಪಗೆ, ಮನುಷ್ಯನ ಎತ್ತರಕ್ಕೆ. ತಲೆ ತಿರುಗಿಸಿದರೆ ಅದೂ ಸರಿಯುತ್ತಿತ್ತು. ಚಹಾ ಬಗ್ಗಿಸುವಾಗ, ನಮಾಜಿಗೆ ಕೂತಾಗ, ಬಿಸಿಲಿಗೆ ಬಾಗಿಲು ತೆರೆದಾಗ, ಅಲ್ಲೇ ನಿಂತಿರುತ್ತಿತ್ತು. ದಿನಕ್ಕೊಂದು ಹೆಜ್ಜೆ ಒಳಗೆ ಬರುತ್ತಿತ್ತು. ಮೂವತ್ತೊಂದು ವರ್ಷ ಕಣ್ಣಿನ ಕೋಣೆಯಲ್ಲಿದ್ದವಳಿಗೆ ಅದು ಏನೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬೇರೆಯವರಿಗೆ ಬಂದಿದ್ದರೆ ರಟ್ಟೆ ಹಿಡಿದು ಕಾರಿಗೆ ತಳ್ಳುತ್ತಿದ್ದಳು. ತನಗೆ ಬಂದಾಗ ಮಾತ್ರ ಅದು ಶಾರ್ಶೆನ್ ಎಂದುಕೊಂಡಳು. ಕೆಂಪು ಗೆರೆ ದಾಟಿ ಹತ್ತಿರ ಬರುತ್ತಿದ್ದಾನೆ, ಬರಲಿ ಎಂದು ಸುಮ್ಮನಿದ್ದಳು.

ಹತ್ತನೇ ದಿನ ಗುರುವಾರ. ಬೋರ್ಸೋಕ್ ಬಟ್ಟಲು ಹಿಡಿದು ಬಂದ ಬಾತ್ಮಾ, ಪರೀಕ್ಷೆ ಇನ್ನೂ ಆಗಿಲ್ಲ ಎಂದು ತಿಳಿದು ಫೋನನ್ನು ತಾನೇ ಎತ್ತಿಕೊಂಡಳು. ಪರದೆಯ ಮೇಲೆ ಬ್ಯಾಂಕಿನ ಕಾರ್ಡ್ ಇಟ್ಟು ಅಕ್ಷರದ ಅಳತೆ ಸರಿಮಾಡಬೇಕಿತ್ತು. ಕಾಲಿಪಾಳ ಪಿಂಚಣಿ ಕಾರ್ಡಿಗೆಲ್ಲ ಹಿಟ್ಟು ಮೆತ್ತಿತು. ಎರಡು ಮೀಟರ್ ಅಳೆದು, ಸಕ್ಕರೆ ಡಬ್ಬಿಗೆ ಫೋನು ಒರಗಿಸಿ, ಪಕ್ಕದಲ್ಲಿ ಬಗ್ಗಿ ನಿಂತಳು.

"ಬಲಗಣ್ಣು ಮುಚ್ಕೋ ಅಕ್ಕ."

"ಅದು ಮುಚ್ಚಿ ಎಷ್ಟೋ ವರ್ಷ ಆಯ್ತಲ್ಲೇ. ನನಗೇ ಹೇಳ್ಕೊಡ್ತೀಯ?"

"ಹೇಳ್ಕೊಡ್ತೀನಿ. ಇಡೀ ಊರನ್ನ ಕೋಲು ಹಿಡಿದು ಹೆದರಿಸ್ದೆ, ಇವತ್ತು ನಿನ್ನ ಸರದಿ."

ಫೋನಿನಲ್ಲಿ ಬಂದದ್ದು ಅದೇ ಹಳೆಯ ಫಲಕ, ಒಂದೊಂದೇ ಸಾಲಾಗಿ. "ಶಾ, ಬೇ." ಬಾತ್ಮಾ ಸರಿ ಎಂದು ಒತ್ತಿದಳು. "ಎಮ್, ಎನ್, ಕಾ." ಅದೂ ಸರಿ. ಆರು ಸಾಲಾಯಿತು, ಒಂದೂ ತಪ್ಪಿಲ್ಲ. ಏಳನೆಯದಕ್ಕೆ ಇಂಟರ್ನೆಟ್ ಕೈಕೊಟ್ಟು ಪರದೆ ಬರೀ ಬೆಳ್ಳಗಾಯಿತು. ಕಾಲಿಪಾ ನಿಲ್ಲಲಿಲ್ಲ. ಏಳನ್ನು ಮುಗಿಸಿ ಎಂಟಕ್ಕೆ ಹೋದಳು.

"ಅಕ್ಕ."

"ಹ್ಞೂಂ, ಒತ್ತು."

"ಇಲ್ಲಿ ಒಂದಕ್ಷರವೂ ಇಲ್ಲ. ಏನನ್ನ ಓದ್ತಿದೀಯ ನೀನು?"

ಕಾಲಿಪಾಳ ಬಾಯಿ ಅಲ್ಲೇ ನಿಂತಿತು. ತನ್ನ ಬಾಯಿಂದ ಅಷ್ಟು ಹೊತ್ತು ಬಂದದ್ದು ತನ್ನ ದನಿಯಲ್ಲ ಅನ್ನಿಸಿತಂತೆ. ಗೆರೆಯ ಮೇಲೆ ನಿಂತು ಶಾರ್ಶೆನ್ ಹೇಳಿದ್ದೂ ಹೀಗೇ, ಇದೇ ಓಟದಲ್ಲಿ. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಭಯ ಎಂದೂ ಆಗಿರಲಿಲ್ಲವಂತೆ.

"ನಿನ್ನ ಗಂಡನೂ ಹೀಗೇ ಓದಿದ್ದ," ಎಂದಳು. "ಅವನಿಗೆ ಎಡಗಣ್ಣು ಕಾಣ್ತಿರಲಿಲ್ಲ ಬಾತ್ಮಾ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮುದ್ರೆ ಒತ್ತಿದೆ. ಬ್ರೇಕ್ ಹೋಗಿರಲಿಲ್ಲ."

ಬಾತ್ಮಾ ಹಿಟ್ಟಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಆ ಪಾಠ ಅವನಿಗೆ ಯಾರು ಹೇಳ್ಕೊಟ್ರು ಅಂದ್ಕೊಂಡಿದೀಯ? ನಾನೇ. ಹಿಟ್ಟಿನ ಚೀಲದ ಕಾಗದದ ಮೇಲೆ ಬರ್ಕೊಂಡು, ರೊಟ್ಟಿ ನಾದ್ತಾ ನಾದ್ತಾ ಒಂದು ವಾರ ಬಾಯಿಪಾಠ ಮಾಡಿಸ್ದೆ. ತಪ್ಪಿದ್ರೆ ಊಟ ಇಲ್ಲ ಅಂತ ತಮಾಷೆ ಮಾಡ್ತಿದ್ದೆ. ಪಾಪ, ನಿನಗೆ ನಾವಿಬ್ರೂ ಮೋಸ ಮಾಡಿದ್ವಿ ಅಂತ ಇಷ್ಟು ವರ್ಷ ನಿನ್ನ ಮುಖ ನೋಡೋಕೆ ನಾಚಿಕೆ ನನಗೆ. ಮೊದಲ ಬಟ್ಟಲು ನಿನಗೇ ತರ್ತಿದ್ದದ್ದು ಇನ್ಯಾಕೆ?"

ಆಮೇಲೆ ಇಬ್ಬರೂ ಅತ್ತರು ಎಂದು ಕಾಲಿಪಾ ಹೇಳುತ್ತಾಳೆ. ಯಾರೂ ಅಳಲಿಲ್ಲ, ಚಹಾ ಆರಿಹೋಯಿತು ಅಷ್ಟೆ ಎಂದು ಬಾತ್ಮಾ ಹೇಳುತ್ತಾಳೆ. ಕೊನೆಗೆ ಬಾತ್ಮಾ ಫೋನು ಬದಿಗಿಟ್ಟು, ಪಕ್ಕಕ್ಕೆ ಸರಿದು ಕೈ ಎತ್ತಿದಳು.

"ಎಷ್ಟು ಬೆರಳು?"

"ಕಾಣ್ತಿಲ್ಲ. ಆ ಕಡೆ ಶಾರ್ಶೆನ್ ನಿಂತಿದಾನೆ."

"ಎಷ್ಟು ದಿನದಿಂದ?"

"ಆರು."

"ಆರು ದಿನ ಮಾತಾಡದೆ ಒಂದೇ ಕಡೆ ನಿಲ್ಲೋ ಗಂಡಸಲ್ಲ ಅವನು. ಎದ್ದೇಳು, ಬೂಟು ಹಾಕ್ಕೋ."

ಅರ್ಧ ಗಂಟೆಯಲ್ಲಿ ಇಬ್ಬರೂ ಕಾರು ನಿಲ್ಲುವ ಜಾಗಕ್ಕೆ ಬಂದರು. ಸರದಿ ನನ್ನದಿತ್ತು. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಅವರಿಬ್ಬರ ಬಾಯಿಂದಲೇ ಕೇಳಿದ್ದು. ನನ್ನದು ಹದ್ದಿನ ಕಣ್ಣು ಎಂದು ಕೊಚ್ಚಿಕೊಂಡು ತಿರುಗುತ್ತಿದ್ದ ಕಾಲ ಅದು. ನಗುತ್ತ ಬಾಗಿಲು ತೆಗೆದೆ. ಬಾತ್ಮಾ ಹತ್ತಲಿಲ್ಲ.

"ಕುಬಾನ್, ಎದುರಿನ ಅಂಗಡಿ ಬೋರ್ಡು ಓದು."

"ಟೈರು, ಆಯಿಲ್, ಬಿಸಿ ಚಹಾ. ಏನತ್ತಿಗೆ, ಇಸ್ಕೂಲು ಶುರು ಮಾಡಿದ್ರಾ?"

"ಎಡಗಣ್ಣು ಮುಚ್ಕೊಂಡು ಓದು."

ಓದಿದೆ.

"ಈಗ ಬಲಗಣ್ಣು ಮುಚ್ಕೋ."

"ಟೈರು, ಆಯಿಲ್, ಬಿಸಿ ಚಹಾ," ಎಂದೆ ಥಟ್ಟನೆ.

ಕಾಲಿಪಾ ಬಾತ್ಮಾಳ ತೋಳು ಹಿಡಿದಳು. ನನ್ನ ಮುಖವೇ ಆಕೆಗೆ ಕಾಣುತ್ತಿರಲಿಲ್ಲ; ಕಿವಿಯಲ್ಲೇ ಹಿಡಿದುಬಿಟ್ಟಳು.

"ಇವನು ನೋಡಿ ಓದಲಿಲ್ಲ, ಬಾತ್ಮಾ."

"ಕಣ್ಣು ಹಾಗೇ ಮುಚ್ಕೊಂಡಿರು. ಅಂಗಡಿ ಬಾಗಿಲಲ್ಲಿ ಯಾರಿದಾರೆ ಹೇಳು," ಎಂದಳು ಬಾತ್ಮಾ.

"ಯಾರಿದಾರೆ? ಯಾರೂ ಇಲ್ಲ."

ಅಲ್ಲಿ ನಮ್ಮ ಜೊತೆಯ ಡ್ರೈವರ್ ಎರ್ಮೆಕ್ ಕೆಂಪು ಟೋಪಿ ಹಾಕಿಕೊಂಡು ನನ್ನ ಕಡೆಗೇ ಕೈ ಬೀಸುತ್ತ ನಿಂತಿದ್ದ. ಬಾತ್ಮಾ ಅವನನ್ನು ಕರೆದಳು, ಅವನಿಗೂ ಎರಡೂ ಕಣ್ಣಿನ ಪರೀಕ್ಷೆ ಮಾಡಿದಳು, ಅವನ ಕಾರಿನಲ್ಲೇ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರ ಮುಂದೆ ಮಾನ ಕಳೆದರು ಎಂದು ಇಬ್ಬರು ಮುದುಕಿಯರಿಗೂ ಬಾಯಿಗೆ ಬಂದಂತೆ ಬೈದೆ.

ಕಾಲಿಪಾ ಅಕ್ಕನ ಕಣ್ಣು ಅರ್ಧ ಉಳಿಯಿತು. ಒಂದು ದಿನ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ. ಕಣ್ಣಿನ ಒಳಪರದೆ ಕಳಚಿಕೊಂಡ ಜಾಗದಲ್ಲಿ ಕಪ್ಪು ಹಾಗೇ ಇರುತ್ತದೆ ಎಂದಿದ್ದಾಳೆ ವೈದ್ಯೆ. ಕಾಲಿಪಾ ತಲೆಯಾಡಿಸುತ್ತಾಳೆ, ಚಹಾ ಬಗ್ಗಿಸುವಾಗ ಆ ಕಡೆಗೂ ಒಂದು ಬಟ್ಟಲು ಇಡುತ್ತಾಳೆ. ಗುರುವಾರದ ಹಿಟ್ಟನ್ನು ಈಗ ಇಬ್ಬರೂ ಕೂಡಿ ನಾದುತ್ತಾರೆ.

ಅವತ್ತು ಎರ್ಮೆಕ್‌ನ ಕಾರು ಹೋದ ಮೇಲೆ, ಬೈದು ಬೈದು ಸುಸ್ತಾಗಿ, ನನ್ನ ಸೀಟಿನಲ್ಲಿ ಕೂತು ಮೆಲ್ಲನೆ ಬಲಗಣ್ಣು ಮುಚ್ಚಿಕೊಂಡೆ. ಬೋರ್ಡು ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಘಾಟಿಯ ದಾರಿ ಇರಬೇಕಾದಲ್ಲಿ ಹಾಲಿನ ಬಣ್ಣದ ಗೋಡೆ ಎದ್ದಿತ್ತು. ಹಿಂದಿನ ದಿನವಷ್ಟೇ ನಾನು ಆ ಮೂರನೇ ತಿರುವಿನಲ್ಲಿ ಆರು ಜನರನ್ನು ಕೂರಿಸಿಕೊಂಡು ಇಳಿದು ಬಂದಿದ್ದೆ. ಒಬ್ಬಳ ಮಡಿಲಲ್ಲಿ ಕೂಸು ಮಲಗಿತ್ತು.