ಪಟೇಲನ ಬೆಳ್ಳಿ ಛಡಿ

ನಾನು ಸಾಲಿ ಕಲಿತದ್ದು ಕಮಲಾಪುರದ ನೀಲಕಂಠ ಮಾಸ್ತರರ ಹತ್ತಿರ, ಎರಡೇ ವರ್ಷ. ಉಳಿದದ್ದೆಲ್ಲ ನಾನೇ ಓದಿ ದಕ್ಕಿಸಿಕೊಂಡದ್ದು. ಆಗ ನಿಜಾಮರ ಆಳ್ವಿಕೆ. ಮಾಸ್ತರರ ಪಡಸಾಲೆಯೇ ಸಾಲಿ. ಮಗನನ್ನು ಸೇರಿಸುವ ದಿನ ತಂದೆ ತನ್ನ ಕೈಯಾರೆ ಒಂದು ಛಡಿ ತಂದುಕೊಡಬೇಕು. ಹುಡುಗ ತಪ್ಪು ಮಾಡಿದರೆ ಅವನಿಗೆ ಅದರಿಂದಲೇ ಏಟು. ಮಾಸ್ತರರಿಗೆ ಅದೇ ಪರವಾನಗಿ. ಅವರು ಬೇರೆ ಕಾಗದಪತ್ರ ಕೇಳಿದವರಲ್ಲ.

ನಮ್ಮಪ್ಪ ಹೊಲದ ಹುಣಸೆಮರದ ಬರಲು ಮುರಿದುಕೊಟ್ಟ. ಪಟೇಲ ಜಗದೇವಪ್ಪನಿಗೆ ಅಷ್ಟಕ್ಕೆ ಸಮಾಧಾನವೆಲ್ಲಿ? ಕಲಬುರಗಿಯಲ್ಲಿ ಛಡಿಯ ತುದಿಗೆ ಬೆಳ್ಳಿ ಕಟ್ಟಿಸಿ, ತನ್ನ ಹೆಸರು ಕೊರೆಸಿ, ಓಣಿ ಓಣಿ ತೋರಿಸುತ್ತ ತಂದ. ಅಂಥ ಜಂಬದ ಪ್ರಾಣಿ.

ಒಂದು ದಿನ ಅವನ ಮಗ ಸೂರ್ಯಕಾಂತ, ಕೂಲಿ ಬಂಡಮ್ಮನ ಮಗನ ತಲೆಗೆ ಬರೆಯುವ ಪಾಟಿಯಿಂದ ಹೊಡೆದು ರಕ್ತ ಬರಿಸಿದ. ಮಾಸ್ತರರು ಬೆಳ್ಳಿ ಛಡಿ ತೆಗೆದು ಅಂಗೈಗೆ ಎರಡು ಕೊಟ್ಟರು. ಎರಡೇ. ಪಟೇಲ ಕಲಬುರಗಿ ಅದಾಲತ್ತಿಗೆ ಓಡಿದ: ಮಾಸ್ತರ ಯಾರ ಅಪ್ಪಣೆಯೂ ಇಲ್ಲದೆ ಮಕ್ಕಳನ್ನು ಬಡಿಯುತ್ತಾನೆ, ಸಾಲಿ ಮುಚ್ಚಿಸಬೇಕು.

ಮಾಸ್ತರರು ಹನ್ನೊಂದು ಮಂದಿ ತಂದೆಯರನ್ನು ಸಾಕ್ಷಿಗೆ ಕರೆದರು. "ಛಡಿ ಕೊಡೋ ರಿವಾಜು ಖರೇ ಅದೇನ್ರಿ?" ಎಂದು ಮುನ್ಸೀಫರು ಕೇಳಿದರು. ಹನ್ನೊಂದು ಜೊತೆ ಮೀಸೆಗಳೂ ಪಟೇಲನ ಕಡೆ ನೋಡಿ ನೆಲಕ್ಕೆ ಬಾಗಿದವು. "ನಮಗೇನೂ ಗೊತ್ತಿಲ್ರಿ ಸಾಹೇಬ್ರ." ಹಾಗಂದವರಲ್ಲಿ ನಮ್ಮಪ್ಪನೂ ಒಬ್ಬ.

ಪಟೇಲ ಎದೆ ಉಬ್ಬಿಸಿದ. "ನಮ್ ಕೂಸಿಗಿ ಬಡೀಲಕ್ಕ ನಾವೇ ಛಡಿ ಕೊಡ್ತೀವೇನ್ರಿ? ಪಟೇಲರ ಮನಿತನ ನಮ್ದು!"

ಮಾಸ್ತರರು ವಸ್ತ್ರದಲ್ಲಿ ಸುತ್ತಿ ತಂದಿದ್ದ ಬೆಳ್ಳಿ ಛಡಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಮುನ್ಸೀಫರು ಬೆಳ್ಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದನ್ನ ಓದ್ರಿ ಪಟೇಲ್ರ" ಎಂದರು.

ಓದಿದ. ಎರಡು ಸಲ ಓದಿದರೂ ಹೆಸರು ಅವನದೇ ಇತ್ತು.

"ಮಗನಿಗಿ ಬಡೀಲಿ ಅಂತ ಬೆಳ್ಳಿ ಕಟ್ಟಿಸಿದ ಅಪ್ಪನ್ನ ಇವತ್ತೇ ನೋಡ್ದೆ. ತಂದೀನೇ ಕೊಟ್ಟ ಮ್ಯಾಲ ಮಾಸ್ತರಂದೇನು ತಪ್ಪು? ಅರ್ಜಿ ಖಾರೀಜ್" ಎಂದು ಮುನ್ಸೀಫರು ವಜಾ ಮಾಡಿದರು.

ಹೊರಗೆ ಬಂದ ಪಟೇಲ ನಾಚಿಕೆಯಿಲ್ಲದೆ ಕೈ ಚಾಚಿದ. "ಬೆಳ್ಳೀನರೆ ವಾಪಸ್ ಕೊಡ್ರಿ."

"ಅದು ಸರ್ಕಾರದಾಗ ಜಮಾ ಆಗ್ಯಾದ. ಇನ್ನೊಂದ್ ಅರ್ಜಿ ಹಾಕ್ರಿ," ಎಂದು ಮಾಸ್ತರರು ಗಾಡಿ ಹತ್ತಿದರು.

ಮರುದಿನ ಅವರು ಉಳಿದ ಹನ್ನೊಂದು ಛಡಿಗಳನ್ನೂ ಒಲೆಗೆ ತುರುಕಿ ಸ್ನಾನಕ್ಕೆ ನೀರು ಕಾಸಿಕೊಂಡರು. ಸಂಜೆ ನಮ್ಮಪ್ಪ ಹೊಸ ಹುಣಸೆಬರಲು ಹಿಡಿದು ಹಲ್ಲು ಕಿರಿಯುತ್ತ ಬಾಗಿಲಲ್ಲಿ ನಿಂತ.

ಮಾಸ್ತರರು ಮುಟ್ಟಲಿಲ್ಲ. "ಹೆಸರು ಕೊರಕೊಂಡು ಬಾ."

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಏಟು ತಿನ್ನಬೇಕಾದ ನಾನೇ ಕೂತು ಕೊರೆದೆ. ದಪ್ಪಗೆ, ಮುನ್ಸೀಫರಿಗೂ ಕಾಣುವ ಹಾಗೆ.